ತೆಪ್ಪದ ಮೇಲೆ ಪಾಸ್‌ಪೋರ್ಟ್ ಇಲ್ಲದೆ

ನಿನ್ನೆ ಕುವೈತಿನ ಸುಲೈಬಿಯಾದ ಒಂದು ಗೋಡೌನಲ್ಲಿ ಒದ್ದೆ ಬಿದಿರಿನ ವಾಸನೆ ಬಂತು ನೋಡಿ, ನಾನು ಮನಸ್ಸಲ್ಲೇ ಸೀದಾ ಚೀನಾದ ಗುಯ್‌ಲಿನ್‌ಗೆ ಹೋಗಿಬಿಟ್ಟೆ.

ಆಗ ನಾನು ಎರಡನೇ ಕ್ಲಾಸು. ಕುವೈತಲ್ಲಿ ಅಪ್ಪನಿಗೆ ರಜೆ ಸಿಕ್ಕಿ ಅಪ್ಪ, ಅಮ್ಮ, ನಾನು ಮೂವರೂ ಟೂರ್ ಹೋಗಿದ್ವಿ. ಲಿ ನದಿಯಲ್ಲಿ ಬಿದಿರಿನ ತೆಪ್ಪ, ಕಾಲಡಿಯಲ್ಲಿ ತಣ್ಣಗಿನ ನೀರು, ಎರಡೂ ಕಡೆ ನೆಲದಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗುಡ್ಡಗಳು. ಎಂಥಾ ಚಂದ ಗೊತ್ತುಂಟಾ!

ಅಷ್ಟರಲ್ಲಿ ಅಪ್ಪ ಕೊರಳಿನ ಚೀಲ ತಡಕಿದ್ರು.

"ಪಾಸ್‌ಪೋರ್ಟ್ ಇಲ್ಲ. ಬೆಳಿಗ್ಗೆ ಹೋಟೆಲ್ ಕೌಂಟರಲ್ಲಿ ಕೊಟ್ಟೆ, ವಾಪಸ್ ತಗೊಳ್ಳಲೇ ಇಲ್ಲ."

"ಕೊಟ್ಟು ಹಾಗೇ ಬರುದಾ ಮಾರಾಯ್ರೇ?" ಅಂದ್ರು ಅಮ್ಮ.

"ಕುವೈತಲ್ಲಿ ಪಾಸ್‌ಪೋರ್ಟ್ ಯಾವಾಗ್ಲೂ ಕಂಪನಿಯವರ ಹತ್ರವೇ, ಕೊಟ್ಟು ಕೊಟ್ಟು ಅಭ್ಯಾಸ ಅಲ್ವಾ. ಇಲ್ಲೂ ಅವರೇ ಇಟ್ಕೊಳ್ತಾರೆ ಅಂತ..."

ಇಕಾಮಾ, ಅಂದ್ರೆ ಅಲ್ಲಿ ಇರ್ಲಿಕ್ಕೆ ಬೇಕಾದ ಪರವಾನಗಿ, ಇಲ್ಲದವರನ್ನು ಪೊಲೀಸರು ವ್ಯಾನಿಗೆ ಹತ್ತಿಸೋದನ್ನ ಕುವೈತಲ್ಲಿ ನಮ್ಮ ಕಿಟಕಿಯಿಂದಲೇ ನೋಡಿದ್ದೆ. ಆ ಚಂದದ ಗುಡ್ಡಗಳೆಲ್ಲ ಈಗ ನಮ್ಮನ್ನು ಹಿಡಿಯಲಿಕ್ಕೆ ಸಾಲಾಗಿ ನಿಂತ ಹಾಗೆ ಕಂಡ್ವು.

"ನಮ್ಮನ್ನು ಮನೆಗೆ ಬಿಡ್ತಾರಾ ಅಪ್ಪಾ?" ಅಂದೆ. ಅಪ್ಪ ನನ್ನ ಕೈ ಗಟ್ಟಿ ಹಿಡ್ಕೊಂಡ್ರು. ಅವರ ಅಂಗೈ ಪೂರಾ ಬೆವರು.

ತೆಪ್ಪ ದಡ ಮುಟ್ಟಿದ್ದೇ ಟ್ಯಾಕ್ಸಿ ಹಿಡಿದು ಹೋಟೆಲ್ಲಿಗೆ ಓಡಿದ್ವಿ. ಕೌಂಟರಿನ ಹುಡುಗಿ ನಗ್ತಾ ಮೂರೂ ಪಾಸ್‌ಪೋರ್ಟ್ ಅಪ್ಪನ ಮುಂದೆ ಇಟ್ಟಳು. ಅಪ್ಪ ಮುಟ್ಟಲಿಲ್ಲ. ಕಂಪನಿ ಸಾಹೇಬರ ಮುಂದೆ ನಿಂತ ಹಾಗೆ ಟೊಪ್ಪಿ ತೆಗೆದು, ಕೈ ಕಟ್ಟಿ ನಿಂತು, ಇಂಗ್ಲಿಷಲ್ಲಿ ಮೆಲ್ಲಗೆ ಕೇಳಿದ್ರು,

"ಮೇಡಂ, ನಾನು ತಗೊಳ್ಳಬಹುದಾ?"