ಕಲಮಿನ ಸಿಪ್ಪೆ

ಪಕ್ಕದ ಕೋಣೆಯಲ್ಲಿ ಗಂಡ ಕೆಮ್ಮಿದಾಗಲೆಲ್ಲ ಮೆಹ್ಪಾರೆಯ ಕೈ ನಿಲ್ಲುತ್ತಿತ್ತು. ಕೆಮ್ಮು ನಿಂತ ಮೇಲೆ ಮತ್ತೆ ತಾಮ್ರದ ಡಬ್ಬಿಯೊಳಗೆ ಇಳಿಯುತ್ತಿತ್ತು. ಮುಷ್ಟಿ ಮುಷ್ಟಿಯಾಗಿ ಸಿಪ್ಪೆ ಬಟ್ಟೆಯ ಚೀಲ ಸೇರುತ್ತಿತ್ತು. ಎಲ್ಲವೂ ಎಡಕ್ಕೆ ಸುರುಳಿ ಸುತ್ತಿಕೊಂಡಿದ್ದವು. ಹಳತಾಗಿ ಮುರುಟಿರಬೇಕು ಅಂದುಕೊಂಡಳು. ಇಷ್ಟು ವರ್ಷ ಬಾಳ್ವೆ ಮಾಡಿದ ಮನೆಯಲ್ಲೇ ಕಳ್ಳಿಯಾಗಿದ್ದಕ್ಕೆ ನಾಚಿಕೆಯಾಯಿತು. ಆದರೂ ಕೈ ಹಿಂದಕ್ಕೆ ಬರಲಿಲ್ಲ.

ಇಸ್ತಾಂಬುಲ್ಲಿನ ಲಿಪಿಕಾರರು ಜೊಂಡಿನ ಕಲಮು ಕೆತ್ತಿದ ಸಿಪ್ಪೆಯನ್ನು ಎಸೆಯುವುದಿಲ್ಲ. ಜೀವಮಾನವಿಡೀ ಕೂಡಿಡುತ್ತಾರೆ. ಸತ್ತ ದಿನ ಮೈ ತೊಳೆಯುವ ನೀರು ಆ ಸಿಪ್ಪೆಯ ಬೆಂಕಿಯಲ್ಲೇ ಕಾಯಬೇಕು. ಇಲ್ಲದಿದ್ದರೆ ಅವನು ಬರೆದದ್ದೂ ಒಂದೇ, ಬರೆಯದಿದ್ದದ್ದೂ ಒಂದೇ. ದೊಡ್ಡ ಮಸೀದಿಯ ಗುಮ್ಮಟದೊಳಗೆ ಅಕ್ಷರ ಬರೆದು ಹೆಸರಾದ ಲೆಬೀಬ್ ಎಫೆಂದಿಯ ಮನೆಯಲ್ಲಿ ಉಳಿದಿದ್ದದ್ದು ಇದೊಂದೇ ಡಬ್ಬಿ. ಪ್ರತಿ ಶುಕ್ರವಾರ ಅದನ್ನು ತಾನೇ ಒರೆಸಿಡುತ್ತಿದ್ದ. "ಇದನ್ನ ಮುಟ್ಟಿದೋರ ಕೈ ಮುರೀತೀನಿ" ಎಂದು ಹೆಂಡತಿಗೂ ಹೇಳಿದ್ದ.

ಅಂಥ ಡಬ್ಬಿಯನ್ನು ಮೆಹ್ಪಾರೆ ಬರಿದು ಮಾಡುತ್ತಿದ್ದಳು. ಕಾರಣ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದಿತ್ತು.

ಬಂದವನು ಆರ್ಟಿನ್, ಮಗ ನುಮಾನ್ ಕೆಲಸ ಮಾಡುತ್ತಿದ್ದ ಕಲ್ಲಚ್ಚಿನ ಮುದ್ರಣಾಲಯದವನು. ಟೋಪಿ ಕೈಯಲ್ಲಿತ್ತು.

"ಅಮ್ಮಾ, ನುಮಾನ್ ಹೋಗ್ಬಿಟ್ಟ. ಜ್ವರ ಇಳೀಲೇ ಇಲ್ಲ. ಸೇತುವೆ ಆಚೆ ಮಸೀದೀಲಿ ಮಧ್ಯಾಹ್ನದ ನಮಾಜಿಗೆ ಮುಂಚೆ ತೊಳೀತಾರಂತೆ."

ಮೆಹ್ಪಾರೆ ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡಳು. ಕೂಗಿದರೆ ಒಳಗೆ ಕೇಳಿಸುತ್ತದೆ.

"ಕೊನೇವರೆಗೂ ಒಂದೇ ಮಾತು ಅಮ್ಮಾ. ನನ್ನ ನೀರನ್ನ ಕಟ್ಟಿಗೇಲಿ ಕಾಯಿಸ್ಬೇಡಿ, ಕಟ್ಟಿಗೇಲಿ ಕಾಯಿಸ್ಬೇಡಿ ಅಂತ. ಏನು ಹೇಳ್ತಿದ್ದಾನೋ ನಮಗೆ ತಿಳೀಲಿಲ್ಲ."

ಅವಳಿಗೆ ತಿಳಿಯಿತು.

ನುಮಾನ್ ಒಬ್ಬನೇ ಮಗ. ಅಪ್ಪನ ಮುಂದೆಯೇ ಮಂಡಿಯೂರಿ ಕುಳಿತು ಕಲಿತವನು. ಅವನು ಮೊದಲ ಕಲಮು ಕೆತ್ತಿದ ದಿನ ಲೆಬೀಬ್ ಎಫೆಂದಿ ಹಿಗ್ಗಿ ಹೀರೇಕಾಯಿಯಾಗಿ, ತನ್ನ ಡಬ್ಬಿಯಂಥದ್ದೇ ಇನ್ನೊಂದನ್ನು ಮಾಡಿಸಿ ತಂದಿದ್ದ. ಎರಡೂ ಒಂದೇ ಗೂಡಿನಲ್ಲಿ ಅಕ್ಕಪಕ್ಕ ಕುಳಿತಿದ್ದವು. ಆಮೇಲೆ ಹುಡುಗ ಕಲ್ಲಚ್ಚಿಗೆ ಹೋಗುತ್ತೇನೆಂದ. ಕಲ್ಲಿನ ಮೇಲೆ ಅಕ್ಷರವನ್ನು ಹಿಂದುಮುಂದಾಗಿ ಬರೆಯಬೇಕು. ಎಡಗೈಯ ನುಮಾನನಿಗೆ ಅದು ನೀರು ಕುಡಿದಷ್ಟು ಸಲೀಸಾಗಿ ಬಂತು.

"ಅಕ್ಷರಕ್ಕೆ ಬೆನ್ನು ತಿರುಗಿಸಿದೋನು ನನಗೆ ಮಗನಲ್ಲ" ಎಂದುಬಿಟ್ಟ ಲೆಬೀಬ್ ಎಫೆಂದಿ.

ಮಗ ಹೊಸಿಲು ದಾಟಿದ. ಅತ್ತು ಅತ್ತು ಕಣ್ಣು ಊದಿಸಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ ಮೆಹ್ಪಾರೆ ಅದನ್ನೂ ನೋಡಬೇಕಾಯಿತು. ಗಂಡ ಗೂಡಿನಿಂದ ಒಂದು ಡಬ್ಬಿ ಎತ್ತಿಕೊಂಡು ಬಂದ. ಇದ್ದ ಸಿಪ್ಪೆಯನ್ನೆಲ್ಲ ಅಡುಗೆ ಒಲೆಗೆ ಸುರಿದ. ಬೆಂಕಿ ಭಗ್ಗೆಂದಿತು. ಖಾಲಿ ಡಬ್ಬಿಯನ್ನು ಗುಜರಿಯವನಿಗೆ ಹಾಕಿದ. ಬದುಕಿರುವ ಮಗನ ಕೊನೆಯ ನೀರನ್ನೂ ಸುಟ್ಟ ಆ ಮನುಷ್ಯನನ್ನು ಅವಳು ಅಂದಿನಿಂದ ಕ್ಷಮಿಸಿರಲಿಲ್ಲ. ಅಡುಗೆ ಮಾಡಿ ಬಡಿಸಿದಳು, ಕಾಲು ಒತ್ತಿದಳು. ಆದರೆ ಕ್ಷಮಿಸಲಿಲ್ಲ.

ಕಲ್ಲಚ್ಚಿನಲ್ಲಿ ಬರೆಯುವುದು ಉಕ್ಕಿನ ಮೊನೆಯಿಂದ. ಕೆತ್ತುವುದಿಲ್ಲ, ಸಿಪ್ಪೆಯಿಲ್ಲ. ಈಗ ಅವನಿಗೆ ದಿಕ್ಕೆಂದರೆ ಅಪ್ಪನ ಡಬ್ಬಿಯೊಂದೇ. ಹೊರಗೆ ಒರೆಸಿಡುತ್ತಿದ್ದರೂ ಮುದುಕನಿಗೆ ಅದನ್ನು ತುಂಬುವ ಆಸ್ಥೆ ಉಳಿದಿರಲಿಲ್ಲ. ಈಚಿನ ವರ್ಷಗಳಲ್ಲಿ ಡಬ್ಬಿಯ ಮುಚ್ಚಳ ತೆಗೆದದ್ದನ್ನೇ ಅವಳು ಕಂಡಿರಲಿಲ್ಲ. ಕೆತ್ತಿದ್ದನ್ನು ಕೆತ್ತಿದಂತೆಯೇ ಕಾಫಿ ಕಾಯಿಸುವ ಕೆಂಡಕ್ಕೆ ಸರಿಸಿಬಿಡುತ್ತಿದ್ದ.

ಚೀಲವನ್ನು ಮೇಲಂಗಿಯೊಳಗೆ ಅಡಗಿಸಿಕೊಂಡು ಅವಳು ಹೊರಟಾಗ ಕೋಣೆಯಿಂದ ದನಿ ಬಂತು.

"ಎಲ್ಲಿಗೆ?"

"ಹಮಾಮಿಗೆ."

ಒಳಗೆ ಮತ್ತೊಮ್ಮೆ ಕೆಮ್ಮು. ಆಮೇಲೆ, "ನೀರು ಬಿಸಿ ಇರ್ಲಿ, ನೋಡ್ಕೋ. ಚಳಿ ಇದೆ" ಎಂದ.

ಎಂದೂ ಇಲ್ಲದ ಉಪಚಾರ. ಇವತ್ತೇ ಬೇಕಿತ್ತಾ ಇದು, ಎಂದುಕೊಂಡು ಅವಳು ಬಾಗಿಲೆಳೆದುಕೊಂಡಳು.

ಸೇತುವೆಯಾಚೆಯ ಮಸೀದಿಯ ಹಿತ್ತಲಲ್ಲಿ ಹೆಣ ತೊಳೆಯುವವನು ಚೀಲ ಬಿಚ್ಚಿ ಮೂಸಿ ನೋಡಿದ. "ಲಿಪಿಕಾರರ ಮನೆ ಹುಡುಗನಾ? ಮೊದಲೇ ಹೇಳ್ಬಾರ್ದಾ ತಾಯಿ" ಎನ್ನುತ್ತ ಉರಿಯುತ್ತಿದ್ದ ಕಟ್ಟಿಗೆಯನ್ನು ಹೊರಗೆಳೆದು, ಸಿಪ್ಪೆ ತುಂಬಿದ. ಒಣ ಜೊಂಡಿನ ಹೊಗೆ ಹಿತ್ತಲೆಲ್ಲ ಹರಡಿತು. ನೀರು ಕಾದ ಮೇಲೆ ಮೆಹ್ಪಾರೆ ಬೆರಳು ಅದ್ದಿ ನೋಡಿದಳು. ಮಗು ಮೀಯುವ ಹದಕ್ಕಿತ್ತು. ನುಮಾನನ ಎಡಗೈಯ ಉಗುರುಗಳಲ್ಲಿ ಮಸಿ ಇನ್ನೂ ಉಳಿದಿತ್ತು. ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು, ತೊಳೆಯುವವನು ಕರೆಯುವ ತನಕ ಅತ್ತಳು.

ಮನೆಗೆ ಬಂದಾಗ ಲೆಬೀಬ್ ಎಫೆಂದಿ ಬರೆಯುವ ಕೋಣೆಯಲ್ಲೇ ಇದ್ದ. ಆದರೆ ಹೊರಗೆ ಹೋಗುವ ಕೋಟು ತೊಟ್ಟಿದ್ದ. ಕಾಲಲ್ಲಿ ಜೋಡಿತ್ತು. ಚಾಪೆಯ ಮೇಲೆ ಜೋಡು ಮೆಟ್ಟಿದ ಗಂಡನನ್ನು ಅವಳು ಅಂದೇ ಮೊದಲು ಕಂಡದ್ದು. ಎದುರಿಗೆ ಮುಚ್ಚಳ ತೆಗೆದ ಡಬ್ಬಿ. ಲಿಪಿಕಾರರ ಹಿರಿಯರಿಗೆ ದೂರು ಕೊಡಲು ಹೊರಟಿದ್ದಾನೆ ಅಂದುಕೊಂಡಳು.

"ಸಾಕಾಯ್ತಾ?" ಎಂದ.

ಮೂದಲಿಕೆ. ಅವಳೊಳಗೆ ಇಷ್ಟು ವರ್ಷ ಕಟ್ಟಿಟ್ಟದ್ದೆಲ್ಲ ಒಡೆಯಿತು.

"ಸಾಕಾಯ್ತು. ನಿಮ್ಮ ಮಗ ಸತ್ತ. ನಿಮ್ಮ ಸಿಪ್ಪೇನೆಲ್ಲ ಅವನ ನೀರಿಗೆ ಸುಟ್ಟು ಬಂದೆ. ಅವನ ಡಬ್ಬೀನ ಒಲೆಗೆ ಸುರಿದ್ರಲ್ಲ, ಈಗ ನಿಮ್ಮ ನೀರು ಕಟ್ಟಿಗೇಲೇ ಕಾಯ್ಲಿ. ಕೈ ಮುರೀತೀನಿ ಅಂದಿದ್ರಲ್ಲ, ಮುರೀರಿ."

ಅವಳು ಎರಡೂ ಕೈ ಮುಂದೆ ಚಾಚಿದಳು. ಲೆಬೀಬ್ ಎಫೆಂದಿ ಎದ್ದು ನಿಲ್ಲಲು ನೋಡಿದ. "ಬಾಗಿಲಲ್ಲಿ ಆ ಹುಡುಗ ಹೇಳಿದ್ದು ನನಗೂ ಕೇಳಿಸ್ತು, ನಿನ್ನ ಹಿಂದೆ ಹೊರಟೆ, ಮಂಡಿ ಏಳ್ಲಿಲ್ಲ" ಎಂದ. ಅವಳ ತೋಳಿನ ಅಂಚಿಗೆ ಒಂದು ಸಿಪ್ಪೆ ಅಂಟಿಕೊಂಡಿತ್ತು, ಎಡಕ್ಕೆ ಸುರುಳಿ ಸುತ್ತಿದ್ದು. ಅದನ್ನು ಬಿಡಿಸಿ ತನ್ನ ಬಲ ಅಂಗೈಯಲ್ಲಿ ಇಟ್ಟುಕೊಂಡ.

"ನೀನು ಒಯ್ದದ್ದು ಅವನದೇ ಕಣೇ, ಎಡಗೈ ಕೆತ್ತಿದ್ದು. ಅವತ್ತು ಒಲೆಗೆ ಸುರಿದದ್ದು ನನ್ನದು."