ಸೀತಾಫಲದ ಬೀಜ

ಸೀತಾಫಲದ ಸುಗ್ಗಿ ಬಂದಿತ್ತು. ಹಣ್ಣು ತಿಂದರೆ ಮೈಗೆ ಕಸುವು, ಬೀಜ ಅರೆದು ಹಚ್ಚಿದರೆ ಕೂದಲಿಗೆ ಹೊಳಪು ಎಂದು ಓಣಿಯ ಹೆಂಗಸರು ಹೇಳಿದ್ದನ್ನು ನಂಬಿ, ಹೊಸ ಸೊಸೆ ಸುವರ್ಣಾ ಬೀಜ ಅರೆದುಕೊಂಡು ಬಚ್ಚಲಲ್ಲಿ ಕೂತಿದ್ದಳು. ಅತ್ತೆ ನೀಲವ್ವ ಬಂದವಳೇ ಬಟ್ಟಲನ್ನು ಒದ್ದು ಚೆಲ್ಲಿದಳು.

"ಯಾರಿಗೆ ತೋರಸಾಕ ಈ ಸಿಂಗಾರ?"

ಬಂದ ದಿನದಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಸುವರ್ಣಾಳ ಬಾಯಿಗೆ ಬಂತು. "ನಾ ಚಂದ ಕಂಡ್ರ ನಿಮಗ್ಯಾಕ್ರೀ ಹೊಟ್ಟಿಕಿಚ್ಚು?"

ನೀಲವ್ವ ಸೊಸೆಯ ಗದ್ದ ಹಿಡಿದೆತ್ತಿ, ಹೂ ಬಿದ್ದ ತನ್ನ ಎಡಗಣ್ಣನ್ನು ಅವಳ ಮುಖದ ಹತ್ತಿರಕ್ಕೆ ತಂದಳು.

"ಈ ಬೀಜದ ರಸ ಇಳಿದು ನನ್ನ ಕಣ್ಣು ಹಿಂಗಾತು. ನಾ ಹಚ್ಕೊಳ್ಳಾಕ ಕುಂತಾಗ ನಮ್ಮತ್ತಿ ಬಾಗಲದಾಗ ನಿಂತು ನೋಡಾಕತ್ತಿದ್ಲು. ಆಕಿಗೆ ಎಲ್ಲಾ ಗೊತ್ತಿತ್ತು. ಬ್ಯಾಡ ಅನ್ನಲಿಲ್ಲ."