ಹೆದರಿಕೆ ಕೊಡದೆ ಆಡಿದವಳು

ಕುಸ್ತಿಗೆ ಮುಂಚೆ ಹುಡುಗಿಯರೆಲ್ಲ ಕೌಂಟರಿನಲ್ಲಿ ತಮ್ಮ ಹೆದರಿಕೆ ತೆಗೆಸಿ, ಶೀಶೆಗೆ ಹಾಕಿಸಿ, ಟೋಕನ್ ಪಡೆಯುತ್ತಿದ್ದರು. ಹಳಿಯಾಳದ ಶಾಲಿನಾಳನ್ನು ಮಾತ್ರ ಕೋಚ್ ಫಕೀರವ್ವ ಸರದಿಯಿಂದ ಹೊರಗೆಳೆದಳು.

"ಹೋದ ಸಲ ಹೆದರಿಕಿ ಇಲ್ಲದ ನುಗ್ಗಿ ಭುಜ ಮುರಕೊಂಡಿ. ಇವತ್ತ ಇಟ್ಕೊಂಡ ಆಡು."

"ಇಟ್ಕೊಂಡ ಹೆಂಗ ಆಡಲಿ, ಅಕ್ಕಾ?"

"ಉಸಿರು ನಿಧಾನ ಬಿಡು. ಆಕಿ ಕೈ ಎಲ್ಲಿ ಬರತೈತಿ, ಅಷ್ಟ ನೋಡು."

ಶಾಲಿನಾ ಹಾಗೆಯೇ ಉಸಿರು ಬಿಡುತ್ತ ಅಖಾಡಕ್ಕಿಳಿದಳು. ಎದುರಾಳಿ ಯಾವ ಅಳುಕೂ ಇಲ್ಲದೆ ಕಾಲಿಗೆ ಕೈ ಹಾಕಲು ನುಗ್ಗಿದಳು. ಶಾಲಿನಾಳ ಮೈ ಬೆಚ್ಚಿ ಪಕ್ಕಕ್ಕೆ ಸರಿಯಿತು. ಆಯತಪ್ಪಿದ ಎದುರಾಳಿಯನ್ನು ಅವಳು ಚಿತ್ ಮಾಡಿದಳು.

ಆಮೇಲೆ ಅಲ್ಲೇ ಕುಳಿತು ಬಿಕ್ಕಿಬಿಕ್ಕಿ ಅತ್ತಳು.

ಸೋತವಳಿಗೆ ಅರ್ಥವಾಗಲಿಲ್ಲ. "ಗೆದ್ದಿಯಲ್ಲ, ಯಾಕ ಅಳತಿ?"

"ಹತ್ತು ಪದಕ ಅದಾವ ಮನ್ಯಾಗ," ಎಂದಳು ಶಾಲಿನಾ. "ಗೆದ್ದೆ ಅಂತ ಅನಿಸಿದ್ದು ಇವತ್ತ."